ಸೇತುವೆ ಬಂದ ಮೇಲೆ ಊರು: ಅವಾಜಿಯಿಂದ ಶರಾವತಿ ಹಿನ್ನೀರಿನವರೆಗೆ

2025ರ ಜುಲೈ 14ರಂದು ಸಾಗರ ತಾಲೂಕಿನ ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಸುಮಾರು 2.4 ಕಿಲೋಮೀಟರ್ ಉದ್ದದ ಈ ಸೇತುವೆಗಾಗಿ ಆ ಭಾಗದ ಜನ ಕಾದದ್ದು ಹೆಚ್ಚುಕಡಿಮೆ ಆರು ದಶಕ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ತುಮರಿ, ಸಿಗಂದೂರು ಮತ್ತು ಸುತ್ತಲಿನ ಹಳ್ಳಿಗಳಿಗೆ ಸಾಗರದ ಹತ್ತಿರದ ದಾರಿ ನೀರಿನ ಪಾಲಾಯಿತು. ನಾಡಿಗೆ ವಿದ್ಯುತ್ ಹೋಯಿತು. ಊರಿಗೆ ಉಳಿದದ್ದು ಲಾಂಚ್, ಇಲ್ಲವೇ ಕಾಡುದಾರಿಯ ದೀರ್ಘ ಸುತ್ತು. ವೈದ್ಯವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಅದೇ ತಾಲೂಕಿನಲ್ಲಿದ್ದೆ. ರಾತ್ರಿಯೇ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳನ್ನು ಬೆಳಗಿನ ಲಾಂಚಿಗೆ ಕಾಯಿಸಿ ಕರೆತಂದದ್ದನ್ನು ಕಂಡಿದ್ದೇನೆ. ಆದ್ದರಿಂದ ಈ ಸೇತುವೆ ಬೇಕಿತ್ತೇ ಎಂಬ ಪ್ರಶ್ನೆ ನನ್ನಲ್ಲಿ ಏಳುವುದಿಲ್ಲ.

ಏಳುವ ಪ್ರಶ್ನೆ ಬೇರೆ. ನಗರಕ್ಕೆ ದಾರಿ ಸುಗಮವಾದಾಗ ಹಳ್ಳಿಯ ಜನ ಊರಲ್ಲೇ ನಿಲ್ಲುತ್ತಾರೆಯೇ, ಅಥವಾ ಅದೇ ದಾರಿಯಲ್ಲಿ ಹೊರಟುಹೋಗುತ್ತಾರೆಯೇ? ನಾನು ಈಗ ವಾಸವಾಗಿರುವ ಕೋಬೆಯ ಪಶ್ಚಿಮದಂಚಿನಲ್ಲಿ, ಮೈಕೊ ತೀರದಲ್ಲಿ ನಿಂತರೆ, ಈ ಪ್ರಶ್ನೆಗೆ ಕಾಲು ಶತಮಾನಕ್ಕೂ ಮಿಕ್ಕಿ ಉತ್ತರ ಕೊಡುತ್ತಿರುವ ಇನ್ನೊಂದು ಸೇತುವೆ ಎದುರಿಗಿದೆ.

ಅಕಾಶಿ ಕೈಕ್ಯೊ ಸೇತುವೆ ತೆರೆದದ್ದು 1998ರ ಏಪ್ರಿಲ್ 5ರಂದು. ಒಟ್ಟು ಉದ್ದ 3,911 ಮೀಟರ್. ಅದರ ಹುಟ್ಟಿನ ಹಿಂದೆಯೂ ನೀರಿನ ಭಯವಿತ್ತು. 1945ರ ಡಿಸೆಂಬರಿನಲ್ಲಿ ಅವಾಜಿ ದ್ವೀಪದ ಇವಾಯಾದಿಂದ ಅಕಾಶಿಗೆ ಹೊರಟ ‘ಸೆಕಿರೈ ಮಾರು’ ಎಂಬ ದೋಣಿ ಮುಳುಗಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅಂಥ ಕಡಲನ್ನು ಇಂದು ವಾಹನಗಳು ಕೆಲವೇ ನಿಮಿಷಗಳಲ್ಲಿ ದಾಟುತ್ತವೆ. ದ್ವೀಪದ ಇನ್ನೊಂದು ತುದಿಯನ್ನು ಶಿಕೊಕುವಿನ ತೊಕುಶಿಮಾ ಪ್ರಾಂತಕ್ಕೆ ಸೇರಿಸುವ ಓನಾರುತೊ ಸೇತುವೆ 1985ರಲ್ಲಿಯೇ ಸಿದ್ಧವಾಗಿತ್ತು. ಹೀಗಾಗಿ 1998ರಲ್ಲಿ ಅವಾಜಿ ಮಾತ್ರವಲ್ಲ, ತೊಕುಶಿಮಾ ಕೂಡ ಕೋಬೆ ಮತ್ತು ಒಸಾಕಾಗಳ ನೆರೆಯೂರಾಯಿತು.

ಈಗ ಜನಸಂಖ್ಯೆಯನ್ನು ನೋಡೋಣ. ಎರಡನೆಯ ಮಹಾಯುದ್ಧದ ನಂತರ ಅವಾಜಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದರು. 1995ರ ಹೊತ್ತಿಗೆ ಆ ಸಂಖ್ಯೆ ಸುಮಾರು 1,63,000ಕ್ಕೆ ಇಳಿದಿತ್ತು. 2020ರ ಗಣತಿಯಲ್ಲಿ ಅದು ಸುಮಾರು 1,27,000. ಇಪ್ಪತ್ತೈದು ವರ್ಷಗಳಲ್ಲಿ ಶೇಕಡಾ 22ರಷ್ಟು ಇಳಿಕೆ. ಇಷ್ಟನ್ನೇ ನೋಡಿದವರು ‘ಸೇತುವೆ ಊರನ್ನು ಖಾಲಿ ಮಾಡಿತು’ ಎನ್ನುತ್ತಾರೆ. ಜಪಾನೀಯರು ಇದಕ್ಕೊಂದು ಹೆಸರನ್ನೂ ಇಟ್ಟಿದ್ದಾರೆ: ‘ಸ್ಟ್ರಾ ಪರಿಣಾಮ’. ಎಳನೀರಿಗೆ ಹೀರುಕೊಳವೆ ಇಟ್ಟಂತೆ, ದೊಡ್ಡ ನಗರವು ದಾರಿಯ ಮೂಲಕ ಚಿಕ್ಕ ಊರಿನ ಜನ, ಹಣ, ವ್ಯಾಪಾರಗಳನ್ನು ಹೀರಿಕೊಳ್ಳುತ್ತದೆ ಎಂಬುದು ಅದರ ಅರ್ಥ.

ಆದರೆ ಔಷಧಿ ಕೊಟ್ಟ ಮೇಲೆ ರೋಗ ಉಲ್ಬಣಿಸಿದರೆ ಔಷಧಿಯೇ ಕಾರಣವೆಂದು ವೈದ್ಯ ತಕ್ಷಣ ತೀರ್ಮಾನಿಸಬಾರದು. ಔಷಧಿ ಕೊಡದ ರೋಗಿ ಏನಾದನೆಂದು ನೋಡಬೇಕು. ಜಪಾನ್ ಸಮುದ್ರದಲ್ಲಿರುವ ಸಾದೊ ದ್ವೀಪಕ್ಕೆ ಇಂದಿಗೂ ಸೇತುವೆಯಿಲ್ಲ. ಅಲ್ಲಿ 1995ರಲ್ಲಿ ಸುಮಾರು 75,000 ಜನರಿದ್ದರು; 2020ರಲ್ಲಿ ಸುಮಾರು 51,500. ಇಳಿಕೆ ಶೇಕಡಾ 31. ಸಾದೊ ಮಹಾನಗರಗಳಿಂದ ದೂರ, ಅವಾಜಿ ಸಮೀಪ. ಆದ್ದರಿಂದ ಈ ಹೋಲಿಕೆ ಪೂರ್ಣವಲ್ಲ. ಆದರೂ ಸೇತುವೆ ಇಲ್ಲದಿರುವುದು ಜನರನ್ನು ಹಿಡಿದಿಡುವುದಿಲ್ಲವೆಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ. ಯುವಜನ ದೋಣಿಯಲ್ಲಿಯೂ ಹೊರಡುತ್ತಾರೆ. ಹೊರಟವರ ಜೊತೆ ಅವರಿಗೆ ಹುಟ್ಟಬೇಕಾಗಿದ್ದ ಮಕ್ಕಳೂ ಹೊರಡುತ್ತಾರೆ. ಒಂದು ತಲೆಮಾರಿನ ನಂತರ, ಯಾರೂ ಊರು ಬಿಡದಿದ್ದರೂ, ಹುಟ್ಟಿಗಿಂತ ಸಾವು ಹೆಚ್ಚಾಗಿ ಊರು ಕುಗ್ಗುತ್ತದೆ. ಅವಾಜಿಯ ಇಂದಿನ ಇಳಿಕೆಯ ಬೇರು ಬಹುಮಟ್ಟಿಗೆ 1950–60ರ ದಶಕಗಳ ವಲಸೆಯಲ್ಲಿದೆ.

ಹಾಗಾದರೆ ಸೇತುವೆ ಮಾಡಿದ್ದೇನು? ತಲೆಗಳ ಎಣಿಕೆಗಿಂತ ಹೆಚ್ಚಾಗಿ ಅದು ಊರಿನಲ್ಲಿ ಯಾವ ಸಂಸ್ಥೆ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಬದಲಿಸಿತು. ತೊಕುಶಿಮಾದಿಂದ ಕೋಬೆಗೆ ಈಗ ಬಸ್ಸಿನಲ್ಲಿ ಸುಮಾರು ಎರಡು ತಾಸು. ಒಳ್ಳೆಯ ಬಟ್ಟೆ, ಮದುವೆಯ ಉಡುಗೊರೆಗಳ ಖರೀದಿಗೆ ಜನ ಈಚೆ ದಡಕ್ಕೆ ಬರತೊಡಗಿದರು. 2020ರ ಆಗಸ್ಟ್‌ನಲ್ಲಿ ತೊಕುಶಿಮಾ ನಗರದ ಸೊಗೊ ಮಳಿಗೆ ಮುಚ್ಚಿದಾಗ ಇಡೀ ಪ್ರಾಂತದಲ್ಲಿ ಒಂದೂ ಡಿಪಾರ್ಟ್‌ಮೆಂಟ್ ಸ್ಟೋರ್ ಉಳಿಯಲಿಲ್ಲ. ಅವಾಜಿಯಲ್ಲಿ ಒಂದು ನಗರ ಮತ್ತು ಹತ್ತು ಪಟ್ಟಣಗಳಿದ್ದ ಆಡಳಿತ 2005–06ರಲ್ಲಿ ಮೂರು ನಗರಗಳಾಗಿ ವಿಲೀನಗೊಂಡಿತು. ಇದು ದೇಶವ್ಯಾಪಿ ವಿಲೀನದ ಭಾಗ, ಸೇತುವೆಯ ಫಲವಲ್ಲ. ಆದರೆ ಚಿಕ್ಕ ಪಟ್ಟಣಕ್ಕೆ ತನ್ನದೇ ಆದ ಕಚೇರಿ ಇಲ್ಲವಾಗುವುದೆಂದರೆ ಒಂದಷ್ಟು ಸಂಬಳದಾರ ಕುಟುಂಬಗಳು ಅಲ್ಲಿ ಇಲ್ಲವಾಗುವುದು. ದ್ವೀಪದ ಉತ್ತರದಲ್ಲಿ ನೊಜಿಮಾ ಎಂಬಲ್ಲಿನ ಪ್ರಾಥಮಿಕ ಶಾಲೆ 2010ರಲ್ಲಿ ಮುಚ್ಚಿತು. ಎರಡು ವರ್ಷಗಳ ನಂತರ ಅದೇ ಕಟ್ಟಡ ಪ್ರವಾಸಿಗರಿಗಾಗಿ ಊಟದಮನೆ ಮತ್ತು ಬೇಕರಿಯಾಗಿ ತೆರೆಯಿತು. ಕಟ್ಟಡ ಉಳಿಯಿತೆಂದು ಸಂತೋಷಪಡಬಹುದು. ಆದರೆ ಬೇಕರಿಗೆ ಬಂದವರು ಸಂಜೆ ಸೇತುವೆ ದಾಟಿ ಹಿಂದಿರುಗುತ್ತಾರೆ. ಶಾಲೆಗೆ ಬರುತ್ತಿದ್ದವರು ಅಲ್ಲಿಯವರೇ ಆಗಿದ್ದರು.

ದಾರಿ ಒಳಮುಖವಾಗಿಯೂ ಹರಿಯುತ್ತದೆ ಎಂಬುದನ್ನು ಮರೆಯಬಾರದು. ಅವಾಜಿಯ ಈರುಳ್ಳಿ ಕಟಾವಾದ ದಿನವೇ ಮಹಾನಗರದ ಮಾರುಕಟ್ಟೆ ತಲುಪಬಲ್ಲದು. 2006ರಲ್ಲಿ ಅವಾಜಿ ನಗರದಲ್ಲಿ ಶುಶ್ರೂಷಾ ವಿಶ್ವವಿದ್ಯಾಲಯವೊಂದು ಆರಂಭವಾಯಿತು. ಹದಿನೆಂಟರ ಹರೆಯದವರು ಊರು ಬಿಡುವುದೇ ರೂಢಿಯಾಗಿದ್ದಲ್ಲಿಗೆ ಅದೇ ಹರೆಯದವರು ಬರುವಂತಾಯಿತು. 2020ರಲ್ಲಿ, ಕೋವಿಡ್ ಕಾಲದಲ್ಲಿ, ಪಸೋನಾ ಎಂಬ ಸಿಬ್ಬಂದಿ ಸೇವಾ ಸಂಸ್ಥೆ ತೋಕಿಯೊದ ಮುಖ್ಯ ಕಚೇರಿಯ ಸುಮಾರು 1,200 ಹುದ್ದೆಗಳನ್ನು ಅವಾಜಿಗೆ ಸ್ಥಳಾಂತರಿಸುವುದಾಗಿ ಪ್ರಕಟಿಸಿತು. ಸೇತುವೆ ಇಲ್ಲದಿದ್ದರೆ ಅಂಥ ನಿರ್ಧಾರ ಕಷ್ಟವಿತ್ತು. ಆದರೆ ಸೇತುವೆ ಬಂದು ಇಪ್ಪತ್ತೆರಡು ವರ್ಷಗಳವರೆಗೆ ಆ ನಿರ್ಧಾರ ಬಂದಿರಲಿಲ್ಲ ಎಂಬುದೂ ಅಷ್ಟೇ ನಿಜ. ದಾರಿ ಅವಕಾಶವನ್ನು ತೆರೆಯಿತು. ಊರಿಗೆ ಜನರನ್ನು ತಂದದ್ದು ಕಲಿಕೆ ಮತ್ತು ಕೆಲಸ.

ಭಾರತದ ಅನುಭವವೂ ಇದನ್ನೇ ಹೇಳುತ್ತದೆ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿರಸ್ತೆಗಳನ್ನು ಅಧ್ಯಯನ ಮಾಡಿ ಅರ್ಥಶಾಸ್ತ್ರಜ್ಞರಾದ ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾದ್ 2020ರಲ್ಲಿ ಪ್ರಕಟಿಸಿದ ಲೇಖನದ ಸಾರಾಂಶವಿದು: ರಸ್ತೆ ಬಂದ ಮೇಲೆ ದುಡಿಯುವವರು ಕೃಷಿಯಿಂದ ಹೊರಗಿನ ಕೆಲಸಗಳಿಗೆ ತಿರುಗಿದರು, ಆದರೆ ಹಳ್ಳಿಯ ಆದಾಯದಲ್ಲಾಗಲಿ ಆಸ್ತಿಯಲ್ಲಾಗಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ರಸ್ತೆಯೊಂದೇ ಊರನ್ನು ಸಮೃದ್ಧಗೊಳಿಸಲಿಲ್ಲ.

ಮಲೆನಾಡಿನ ಅಂಕಿಗಳು ಎಚ್ಚರಿಕೆಯನ್ನು ಇನ್ನಷ್ಟು ಗಟ್ಟಿಗೊಳಿಸುತ್ತವೆ. 2001ರಿಂದ 2011ರವರೆಗೆ ಕರ್ನಾಟಕದ ಜನಸಂಖ್ಯೆ ಶೇಕಡಾ 15ಕ್ಕೂ ಹೆಚ್ಚು ಬೆಳೆಯಿತು. ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಅದೇ ಹತ್ತು ವರ್ಷಗಳಲ್ಲಿ ಕೊಡಗು ಕೇವಲ ಶೇಕಡಾ 1ರಷ್ಟು ಬೆಳೆಯಿತು. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ತುಸು ಇಳಿದೇ ಹೋಯಿತು. ಇವೆರಡೂ ರಸ್ತೆಯಿಲ್ಲದ ಜಿಲ್ಲೆಗಳಲ್ಲ. ಅಡಿಕೆ, ಕಾಫಿ ತೋಟಗಳ ನಡುವೆ ವೃದ್ಧ ತಂದೆತಾಯಿಗಳಷ್ಟೇ ಉಳಿದ ಮನೆಗಳನ್ನು ಬಲ್ಲವರಿಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಂತೆ ಕಡಲಾಚೆ ಬಂದು ಕುಳಿತವರಂತೂ ಆ ಅಂಕಿಗಳೊಳಗೇ ಇದ್ದೇವೆ.

ಇನ್ನು ತುಮರಿ ಭಾಗದ ಮಾತು. ಸೇತುವೆಯ ಮೊದಲ ಫಲ ನಿಸ್ಸಂಶಯವಾಗಿ ಒಳ್ಳೆಯದು: ಹೆರಿಗೆ, ಹಾವು ಕಡಿತ, ಹೃದಯಾಘಾತಗಳಲ್ಲಿ ಉಳಿಯುವ ಪ್ರತಿಯೊಂದು ಗಂಟೆಯೂ ಜೀವದ ಲೆಕ್ಕ. ಅಪಾಯವಿರುವುದು ಎರಡನೆಯ ಹಂತದಲ್ಲಿ. ‘ಈಗ ಸೇತುವೆ ಇದೆಯಲ್ಲ, ಸಾಗರ ಹತ್ತಿರವೇ ಆಯಿತಲ್ಲ’ ಎಂಬ ಮಾತು ಯಾವುದೋ ಕಡತದಲ್ಲಿ ಒಂದು ದಿನ ಕಾಣಿಸಿಕೊಳ್ಳುತ್ತದೆ. ಖಾಲಿ ಬಿದ್ದ ವೈದ್ಯರ ಹುದ್ದೆ ತುಂಬುವುದಿಲ್ಲ. ಮಕ್ಕಳು ಕಡಿಮೆಯಾದ ಶಾಲೆ ಪಕ್ಕದೂರಿನ ಶಾಲೆಯಲ್ಲಿ ವಿಲೀನವಾಗುತ್ತದೆ. ಸ್ವಂತ ವಾಹನವುಳ್ಳವರಿಗೆ ಇದರಿಂದ ತೊಂದರೆಯಿಲ್ಲ. ಬಸ್ಸನ್ನೇ ನಂಬಿದ ಮುದುಕರಿಗೆ, ಗರ್ಭಿಣಿಗೆ, ಕೂಲಿಯವರಿಗೆ ಸೇತುವೆ ಇದ್ದೂ ಆಸ್ಪತ್ರೆ ದೂರವಾಗುತ್ತದೆ. ಅಕಾಶಿ ಸೇತುವೆಯ ಮೇಲೆ ಪಾದಚಾರಿಗೂ ಸೈಕಲ್ಲಿಗೂ ಪ್ರವೇಶವಿಲ್ಲ; ಇವಾಯಾ ಮತ್ತು ಅಕಾಶಿ ನಡುವೆ ಚಿಕ್ಕ ಪ್ರಯಾಣಿಕ ದೋಣಿ ಇಂದಿಗೂ ಓಡುತ್ತಿರುವುದನ್ನು ಇಲ್ಲಿ ನೆನೆಯಬೇಕು.

ಆದುದರಿಂದ ಸೇತುವೆ ತೆರೆದ ಮೊದಲ ಹತ್ತು ವರ್ಷ ಅದರ ಆಚೆ ದಡದ ಆಸ್ಪತ್ರೆ, ಪ್ರೌಢಶಾಲೆಗಳನ್ನು ಕುಗ್ಗಿಸದೆ ಬಲಪಡಿಸುವುದು, ರಾತ್ರಿಯೂ ದೊರೆಯುವ ಆಂಬುಲೆನ್ಸ್ ಇಡುವುದು, ಬಸ್ಸಿನ ವೇಳೆಯನ್ನು ಶಾಲೆ ಮತ್ತು ಆಸ್ಪತ್ರೆಯ ವೇಳೆಗೆ ಹೊಂದಿಸುವುದು, ಇವು ಸೇತುವೆಯ ಕಂಬಗಳಷ್ಟೇ ಅಗತ್ಯವಾದ ಕಾಮಗಾರಿಗಳು. ಮುಂದಿನ ಜನಗಣತಿಯ ಎಣಿಕೆಯ ದಿನ 2027ರ ಮಾರ್ಚ್ 1 ಎಂದು ನಿಗದಿಯಾಗಿದೆ. ಅಷ್ಟರೊಳಗೆ ಸೇತುವೆಯ ಪರಿಣಾಮ ಅಂಕಿಗಳಲ್ಲಿ ಹೆಚ್ಚೇನೂ ಮೂಡಿರದು. ಆದರೆ ಹಳ್ಳಿಹಳ್ಳಿಯ ವಯಸ್ಸು, ಮಕ್ಕಳ ಸಂಖ್ಯೆ, ಉದ್ಯೋಗಗಳ ಮೊದಲ ಲೆಕ್ಕ ಅಲ್ಲಿ ದೊರೆಯುತ್ತದೆ. ಹತ್ತು ವರ್ಷ ಬಿಟ್ಟು ಹೋಲಿಸಿ ನೋಡಲು ಅದು ಬೇಕು.

ಅಂದು ಬೆಳಗಿನ ಲಾಂಚಿಗೆ ಕಾದಿದ್ದ ಆ ತಾಯಿಯ ಮಗಳು ಇಂದು ರಾತ್ರಿಯೇ ಸೇತುವೆ ದಾಟಿ ಸಾಗರದಲ್ಲಿ ಹೆರಬಲ್ಲಳು. ಮಗುವನ್ನೆತ್ತಿಕೊಂಡು ಅವಳು ಊರಿಗೆ ಮರಳಿ ಅಲ್ಲಿಯೇ ಬಾಳುವಂತಾದರೆ ಮಾತ್ರ ಸೇತುವೆ ಸಾರ್ಥಕವಾಯಿತೆಂದು ನಾನು ತಿಳಿಯುತ್ತೇನೆ.