ಇಂಚು ಹೆಚ್ಚಿತು, ಅಗಲ ಹೆಚ್ಚಲಿಲ್ಲ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನ ಬಳಿ ಲ್ಯಾಪ್‌ಟಾಪ್ ಇಲ್ಲ. ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆ, ಅರ್ಜಿ ಎಲ್ಲವೂ ಮೊಬೈಲ್‌ನಲ್ಲೇ. ಅದಕ್ಕೇ ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ 5.5 ಇಂಚಿನ ಫೋನ್ ಬದಲಿಸಿ 6.5 ಇಂಚಿನದು ಕೊಂಡೆ. ಪಿಡಿಎಫ್ ತೆರೆದರೆ ಅಕ್ಷರ ಮೊದಲಿನಷ್ಟೇ ಚಿಕ್ಕದು!

ಸ್ಕೇಲ್ ಹಿಡಿದು ಅಳೆದಾಗ ಗುಟ್ಟು ತಿಳಿಯಿತು. ಕಂಪನಿಗಳು ಹೇಳುವ ಇಂಚು ಪರದೆಯ ಮೂಲೆಯಿಂದ ಎದುರು ಮೂಲೆಗೆ ಅಳೆದದ್ದು. ಹಳೆಯ ಪರದೆ 16:9 ಅನುಪಾತದ್ದು, ಹೊಸದು 20:9. ಎರಡರ ಅಗಲವೂ ಸುಮಾರು 2.7 ಇಂಚು. ಬೆಳೆದದ್ದು ಉದ್ದ ಮಾತ್ರ. ರೀಲ್ಸ್‌ಗೆ ಅದು ಸೊಗಸು, ಎ4 ಪುಟಕ್ಕಲ್ಲ.

ದೊಡ್ಡ ಪರದೆಯ ಆಸೆಯನ್ನು ಮನೆಯ ಹಿರಿಯರು ಶೋಕಿ ಎನ್ನುತ್ತಾರೆ. 2011ರಲ್ಲಿ 5.3 ಇಂಚಿನ ಗ್ಯಾಲಕ್ಸಿ ನೋಟ್ ಬಂದಾಗ ನಕ್ಕವರೂ ಇದ್ದರು. ಆದರೆ ಆಪಲ್ 2020, 2021ರಲ್ಲಿ ತಂದ 5.4 ಇಂಚಿನ 'ಮಿನಿ', 2022ರ ಸರಣಿಯಲ್ಲಿ ಇರಲೇ ಇಲ್ಲ. ಕಂಪ್ಯೂಟರ್ ಇದ್ದವರಿಗೆ ಚಿಕ್ಕ ಫೋನ್ ಸಾಕಾದೀತು. ನಮ್ಮಂಥವರಿಗೆ ಫೋನೇ ಕಂಪ್ಯೂಟರ್, ಫೋನೇ ಗ್ರಂಥಾಲಯ.

ಈಗ ಫೋನನ್ನು ಅಡ್ಡ ಹಿಡಿದು ಓದುತ್ತೇನೆ. ಅಕ್ಷರ ದೊಡ್ಡದಾಗುತ್ತದೆ, ಪುಟದ ಮೂರನೇ ಒಂದು ಭಾಗವಷ್ಟೇ ಕಾಣುತ್ತದೆ. ತಂಗಿ ಹೊಸ ಫೋನ್ ಕೊಳ್ಳಲು ಹೊರಟಿದ್ದಾಳೆ. ಅಂಗಡಿಗೆ ಸ್ಕೇಲ್ ಒಯ್ಯಲು ಹೇಳಿದ್ದೇನೆ.