ಊರಿನ ಒಪ್ಪಿಗೆ ಮೊದಲು, ನೀಲನಕ್ಷೆ ಆಮೇಲೆ

ಹಂಪಿಯ ವಿಜಯವಿಠ್ಠಲ ದೇವಸ್ಥಾನ ನೋಡಲು ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ ಎಂದು 2018ರಲ್ಲಿ ದರ ನಿಗದಿಯಾಯಿತು. ರಜೆಯ ದಿನಗಳಲ್ಲಿ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಳ್ಳುವವರ ಸಾಲು ಮುಗಿಯುವುದೇ ಇಲ್ಲ. ಟಿಕೆಟ್ಟಿನ ದುಡ್ಡು ಕೇಂದ್ರದ ಖಜಾನೆ ಸೇರುತ್ತದೆ. ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ವಾಹನಗಳ ದಟ್ಟಣೆ, ಬೇಸಿಗೆಯಲ್ಲಿ ಕುಡಿಯುವ ನೀರಿನ ಜಗ್ಗಾಟ ಊರಿನ ಪಾಲಿಗೆ ಉಳಿಯುತ್ತವೆ. ಮದುವೆಗೆ ಆಮಂತ್ರಣ ಕೊಡದೆ ಎಂಜಲೆಲೆ ಎತ್ತಲು ಮಾತ್ರ ಕರೆಸಿಕೊಂಡ ಹಾಗೆ.

ಈ ಕರಪತ್ರದ ಬೇಡಿಕೆಗಳು ಎರಡೇ. ಗ್ರಾಮಸಭೆ ಚರ್ಚಿಸಿ ಒಪ್ಪುವ ಮುನ್ನ ಯಾವ ಪ್ರವಾಸಿ ಯೋಜನೆಗೂ ಮಂಜೂರಾತಿ ಸಿಗಬಾರದು. ಪ್ರವಾಸಿಗರಿಂದ ಬರುವ ಆದಾಯದಲ್ಲಿ ಗೊತ್ತಾದ ಒಂದು ಪಾಲು ಪ್ರತಿ ವರ್ಷ ಗ್ರಾಮ ಪಂಚಾಯಿತಿಯ ಖಾತೆಗೆ ಜಮೆಯಾಗಬೇಕು. ತುಂಗಭದ್ರೆಯ ಈ ದಂಡೆಯಲ್ಲಾಗಲೀ ಆ ದಂಡೆಯಲ್ಲಾಗಲೀ ಪ್ರವಾಸಿಗರು ಬೇಡವೆನ್ನುವವರು ಸಿಗುವುದು ಕಷ್ಟ. ಹರಿಗೋಲು ಹಾಕುವವರು, ಆಟೊದವರು, ಗೈಡುಗಳು, ಎಳನೀರು ಮಾರುವವರು, ವಿಠ್ಠಲ ದೇವಸ್ಥಾನದ ದಾರಿಯಲ್ಲಿ ಬ್ಯಾಟರಿ ವಾಹನ ಓಡಿಸುವ ಹೆಣ್ಣುಮಕ್ಕಳು, ಎಲ್ಲರ ಮನೆಯ ಒಲೆ ಉರಿಯುವುದೂ ಇದರಿಂದಲೇ. ತಗಾದೆ ಇರುವುದು ತೀರ್ಮಾನ ಯಾರದು ಎಂಬುದರ ಬಗ್ಗೆ.

ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆನೆಗೊಂದಿ ಮತ್ತು ತಳವಾರಘಟ್ಟದ ನಡುವೆ ನದಿಗೆ ಸೇತುವೆ ಕಟ್ಟಲು ಹೊರಟದ್ದರಿಂದ 1999ರಲ್ಲಿ ಇದೇ ಹಂಪಿ 'ಅಪಾಯದಲ್ಲಿರುವ ಪರಂಪರೆ'ಯ ಪಟ್ಟಿಗೂ ಸೇರಿತು. ಆ ಪಟ್ಟಿಯಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ನಡುವೆ 2002ರ ಕಾಯ್ದೆಯಡಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. 29 ಹಳ್ಳಿಗಳು, 236 ಚದರ ಕಿಲೋಮೀಟರು ಅದರ ವ್ಯಾಪ್ತಿ. ಅರ್ಧಕ್ಕೆ ನಿಂತಿದ್ದ ಸೇತುವೆಯ ಕೆಲಸ ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಅದು ಕುಸಿದು ಕಾರ್ಮಿಕರು ಸತ್ತರು. ಸೇತುವೆ ಬೇಕೆಂದವರಿಗೂ ಬೇಡವೆಂದವರಿಗೂ ತಮ್ಮತಮ್ಮ ಕಾರಣಗಳಿದ್ದವು. ದಿನವೂ ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದವರ ಕಾರಣಗಳಿಗೆ ಮಾತ್ರ ಆ ಚರ್ಚೆಯಲ್ಲಿ ಕುರ್ಚಿ ಇರಲಿಲ್ಲ.

ಆಮೇಲೆ 2011ರ ಜುಲೈ ಬಂತು. ವಿರೂಪಾಕ್ಷ ದೇವಸ್ಥಾನದ ಎದುರಿನ ರಥಬೀದಿಯ ಸಾಲುಮಂಟಪಗಳಲ್ಲಿ ಮನೆ, ಅಂಗಡಿ, ಖಾನಾವಳಿ ಮಾಡಿಕೊಂಡಿದ್ದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಜೆಸಿಬಿ ತಂದು ಎಬ್ಬಿಸಲಾಯಿತು. ಖಾಲಿ ಮಾಡಲು ಸಿಕ್ಕ ಗಡುವು ಒಂದೇ ದಿನದ್ದು. ಪುನರ್ವಸತಿಗೆ ತೋರಿಸಿದ ಜಾಗ ಕೆಲವು ಕಿಲೋಮೀಟರು ಆಚೆಯ ಕಡ್ಡಿರಾಂಪುರ. ಭಕ್ತರಿಗೆ ಹೂವು ಕಾಯಿ ಮಾರಿ ಬದುಕುವವರಿಗೆ ದೇವಸ್ಥಾನದಿಂದ ಅಷ್ಟು ದೂರ ಹೋಗುವುದೆಂದರೆ ಕಸುಬನ್ನೇ ಬಿಡುವುದು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ನದಿಯಾಚೆಯ ವಿರೂಪಾಪುರಗಡ್ಡೆಯ ರೆಸಾರ್ಟುಗಳೂ ನೆಲಸಮವಾದವು.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ವಿಜಯನಗರ ಕಾಲದ ಮಂಟಪಗಳ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದ್ದು, ಮೇಲೆ ಸಿಮೆಂಟು ಸುರಿದದ್ದು ಸುಳ್ಳಲ್ಲ. ಗಡ್ಡೆಯ ಹೋಟೆಲುಗಳಿಗೆ ಅನುಮತಿ ಇರಲಿಲ್ಲವೆಂಬುದನ್ನೂ ನ್ಯಾಯಾಲಯ ಎತ್ತಿಹಿಡಿದಿದೆ. ಹಾಗಿದ್ದರೂ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಕಟ್ಟಡಗಳು ಒಂದೊಂದಾಗಿ ಮೇಲೇಳುತ್ತಿದ್ದಷ್ಟು ವರ್ಷ ಊರನ್ನು ಕೂರಿಸಿಕೊಂಡು ಮಾತಾಡಲು ಇಲಾಖೆಗಳಿಗೆ ಏನು ಅಡ್ಡಿಯಾಗಿತ್ತು? ಎಲ್ಲಿ ಕೊಠಡಿ ಕಟ್ಟಬಹುದು, ಎಷ್ಟು ಎತ್ತರ, ಯಾವ ಸಾಮಗ್ರಿ ಎಂದು ಮೊದಲೇ ಗೊತ್ತಾಗಿದ್ದರೆ ಮಂಟಪವೂ ಉಳಿಯುತ್ತಿತ್ತು, ಮನೆಯೂ ಉಳಿಯುತ್ತಿತ್ತು. ಇಲ್ಲಿನ ಪರಂಪರೆ ಬರೀ ಕಲ್ಲಿನದೂ ಅಲ್ಲ. ವಿಜಯನಗರದ ಅರಸರ ಕಾಲದ ಕಾಲುವೆಗಳು ಇವತ್ತಿಗೂ ಭತ್ತದ ಗದ್ದೆಗೆ, ಬಾಳೆ ತೋಟಕ್ಕೆ ನೀರುಣಿಸುತ್ತಿವೆ. ಅವನ್ನು ಐನೂರು ವರ್ಷ ಜೀವಂತ ಇಟ್ಟವರು ರೈತರು.

ಅದೇ ಹೊಳೆಯ ಆಚೆ, ಆನೆಗೊಂದಿಯಲ್ಲಿ, ಬೇರೆ ದಾರಿಯೂ ಕಾಣಸಿಗುತ್ತದೆ. 1997ರಲ್ಲಿ ಶುರುವಾದ ಕಿಷ್ಕಿಂಧಾ ಟ್ರಸ್ಟ್ ಬಾಳೆ ನಾರಿನಿಂದ ಚೀಲ, ಬುಟ್ಟಿ, ಚಾಪೆ ಹೆಣೆಯುವುದನ್ನು ಊರಿನ ಹೆಂಗಸರಿಗೆ ಕಲಿಸಿತು. ಗೊನೆ ಕಡಿದ ಮೇಲೆ ಬಿಸಾಡುತ್ತಿದ್ದ ಬಾಳೆದಿಂಡು ಕೂಲಿ ತರುವ ವಸ್ತುವಾಯಿತು. ಹಳೆಯ ಮನೆಗಳನ್ನು ಕೆಡವದೆ ರಿಪೇರಿ ಮಾಡಿ ಅತಿಥಿಗಳಿಗೆ ಕೊಡುವ ಪದ್ಧತಿಯೂ ಇಲ್ಲಿ ಬೆಳೆಯಿತು. ಇದು ಚಿಕ್ಕ ಪ್ರಯತ್ನ. ಇಡೀ ಸೀಮೆಯ ನಿರುದ್ಯೋಗಕ್ಕೆ ಮದ್ದಲ್ಲ. ಆದರೆ ಇದಕ್ಕಾಗಿ ಯಾರ ಮನೆಯೂ ಬೀಳಲಿಲ್ಲ.

ಚಿಕ್ಕದ್ದು ದೊಡ್ಡದಾಗಲು ಪಂಚಾಯಿತಿ ನಡುವೆ ನಿಲ್ಲಬೇಕು. ಕೇರಳದ ಕುಮರಕಂನಲ್ಲಿ ಆದದ್ದು ಅದೇ. ವೆಂಬನಾಡ್ ಹಿನ್ನೀರಿನ ದಂಡೆಯ ಈ ಊರಿಗೆ ರೆಸಾರ್ಟುಗಳು ಬಂದಾಗ ಗದ್ದೆಗಳು ಪಾಳುಬಿದ್ದವು, ಕೆಲವಕ್ಕೆ ಮಣ್ಣು ತುಂಬಿತು, ಮೀನುಗಾರರಿಗೆ ನೀರಿಗಿಳಿಯುವ ದಾರಿಗಳು ಮುಚ್ಚಿದವು. ಹೋಟೆಲಿನ ಅಡುಗೆಮನೆಗೆ ತರಕಾರಿ ಹೊರಗಿನಿಂದ ಲಾರಿಯಲ್ಲಿ ಬರುತ್ತಿತ್ತು. ಪಕ್ಕದ ಮನೆಯ ಬೆಂಡೆಕಾಯಿಯನ್ನು ಕೇಳುವವರಿರಲಿಲ್ಲ. 2007ರಲ್ಲಿ ಕೇರಳ ಸರ್ಕಾರ 'ಜವಾಬ್ದಾರಿಯುತ ಪ್ರವಾಸೋದ್ಯಮ'ದ ಪ್ರಯೋಗಕ್ಕೆ ಕುಮರಕಂ, ತೇಕ್ಕಡಿ, ಕೋವಳಂ, ವಯನಾಡುಗಳನ್ನು ಆರಿಸಿತು. ಮರುವರ್ಷ ಕುಮರಕಂನಲ್ಲಿ ಪಂಚಾಯಿತಿ, ಹೋಟೆಲಿನವರು, ಕುಟುಂಬಶ್ರೀ ಮಹಿಳಾ ಗುಂಪುಗಳು ಒಂದೇ ಮೇಜಿಗೆ ಬಂದರು.

ಚೌಕಾಸಿ ಸುಲಭದ್ದಾಗಿರಲಿಲ್ಲ. ಹೋಟೆಲಿನವರಿಗೆ ದಿನವೂ ತಪ್ಪದೆ, ಒಂದೇ ಗುಣಮಟ್ಟದಲ್ಲಿ ಮಾಲು ಬರಬೇಕು. ಬೆಳೆಯುವವರಿಗೆ ಬೆಲೆಯ ಖಾತರಿ ಬೇಕು, ದುಡ್ಡು ಬೇಗ ಕೈಸೇರಬೇಕು. ಬೆಲೆಯನ್ನು ಎಲ್ಲರೂ ಕೂತು ಮೊದಲೇ ಗೊತ್ತುಮಾಡುವುದು, ಮಾಲನ್ನು ಒಂದು ಕಡೆ ಸೇರಿಸಿ ಹೋಟೆಲುಗಳಿಗೆ ಹಂಚುವುದು ಎಂಬ ಏರ್ಪಾಟು ಬಂತು. ಪಾಳುಬಿದ್ದ ಭೂಮಿ ಮತ್ತೆ ಸಾಗುವಳಿ ಕಂಡಿತು. ತೆಂಗಿನ ನಾರಿನ ಹಗ್ಗ ಹೊಸೆಯುವುದು, ಚಾಪೆ ಹೆಣೆಯುವುದು, ಬಲೆ ಬೀಸುವುದನ್ನು ಮನೆಯಂಗಳದಲ್ಲೇ ತೋರಿಸುವ ಹಳ್ಳಿ ಸುತ್ತಾಟಕ್ಕೆ ಪ್ರವಾಸಿಗರು ದುಡ್ಡು ಕೊಡತೊಡಗಿದರು. ಅದು ಆ ಮನೆಯವರ ಕೈಗೇ ಬಂತು. ಈ ಕೆಲಸಕ್ಕಾಗಿ ಕೇರಳಕ್ಕೆ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಯುಲಿಸಿಸ್ ಪ್ರಶಸ್ತಿ ಸಿಕ್ಕಿತು. 2017ರಲ್ಲಿ ಅದೇ ಒಂದು ಮಿಷನ್ ಆಗಿ ರಾಜ್ಯಕ್ಕೆಲ್ಲ ಹಬ್ಬಿತು. ಕರ್ನಾಟಕದಲ್ಲೂ ಸಂಜೀವಿನಿ ಯೋಜನೆಯಡಿ ಗ್ರಾಮ ಪಂಚಾಯಿತಿ ಮಟ್ಟದ ಮಹಿಳಾ ಒಕ್ಕೂಟಗಳಿವೆ. ಹಂಪಿ, ಕಮಲಾಪುರ, ಹೊಸಪೇಟೆಯ ಹೋಟೆಲುಗಳಿಗೆ ಬಾಳೆಹಣ್ಣು, ಸೊಪ್ಪು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಪೂರೈಸಲು ಆ ಒಕ್ಕೂಟಗಳಿಗೆ ಬೇಕಿರುವುದು ಒಂದು ಒಪ್ಪಂದ.

ಕೇಳದೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ಸಾಕ್ಷಿ ಇದೆ. ನಾಗರಹೊಳೆ ಕಾಡಿನೊಳಗಿನ ಮೂರ್ಕಲ್‌ನಲ್ಲಿ ಅರಣ್ಯ ಇಲಾಖೆಯ ಕಟ್ಟಡಗಳನ್ನು 1990ರ ದಶಕದಲ್ಲಿ ತಾಜ್ ಸಮೂಹದ ಹೋಟೆಲ್ ಕಂಪನಿಗೆ ಗುತ್ತಿಗೆ ಕೊಡಲಾಯಿತು. ಅಲ್ಲಿನ ಆದಿವಾಸಿಗಳು ಬೀದಿಗಿಳಿದರು, ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿನ ಮೆಟ್ಟಿಲೇರಿತು. 1997ರಲ್ಲಿ ಗುತ್ತಿಗೆ ಬಿದ್ದುಹೋಯಿತು. ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಪೂರ್ವಾನುಮತಿ ಪಡೆದಿರಲಿಲ್ಲ. ತಮಾಷೆಯೆಂದರೆ, ಸೌದೆ ಆಯ್ದರೂ ಕಾನೂನು ತೋರಿಸುತ್ತಿದ್ದ ಇಲಾಖೆಗೆ ಆ ಕಾನೂನನ್ನು ನೆನಪಿಸಬೇಕಾದವರು ಕಾಡಿನ ಜನ.

ಹಾಗಾದರೆ ಪಂಚಾಯಿತಿಗಳ ಕೈ ಕಟ್ಟಿರುವುದೇನು? 73ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅದರಲ್ಲಿ ಪ್ರವಾಸೋದ್ಯಮದ ಹೆಸರಿಲ್ಲ. ಹೆಸರಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ರಸ್ತೆ, ಸೇತುವೆ, ದೋಣಿ ಕಡವು, ಕುಡಿಯುವ ನೀರು, ಸಂತೆ ಜಾತ್ರೆ, ಸಣ್ಣ ಕೈಗಾರಿಕೆ, ಸಾಂಸ್ಕೃತಿಕ ಚಟುವಟಿಕೆ, ಎಲ್ಲವೂ ಆ ಪಟ್ಟಿಯಲ್ಲಿವೆ. ಇವನ್ನೆಲ್ಲ ತೆಗೆದುಬಿಟ್ಟರೆ ಪ್ರವಾಸೋದ್ಯಮದಲ್ಲಿ ಉಳಿಯುವುದು ಉದ್ಘಾಟನೆಯ ರಿಬ್ಬನ್ನು ಮಾತ್ರ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ತನ್ನ ಪಂಚಾಯತ್ ರಾಜ್ ಕಾಯ್ದೆಗೇ ತಿದ್ದುಪಡಿ ತಂದು ಪಾಲನ್ನೂ ಪೂರ್ವಾನುಮತಿಯನ್ನೂ ಬರೆಯಬಹುದು. ಕಾಡಿನ ಮಟ್ಟಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಇಂಥ ಅಧಿಕಾರವನ್ನು ಆಗಲೇ ಕೊಟ್ಟಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಮೀಸಲಿನೊಳಗೇ ಸಮುದಾಯ ಹಕ್ಕನ್ನು ಪಡೆದರು. ಹುಲಿಯ ನಾಡಿನಲ್ಲಿ ಆದದ್ದು ಕಲ್ಲಿನ ರಥದ ನಾಡಿನಲ್ಲಿ ಯಾಕಾಗಬಾರದು?

ಒಂದು ಎಚ್ಚರಿಕೆ ಊರಿನವರಿಗೂ ಬೇಕು. 'ಸಮುದಾಯ' ಎಂದಕೂಡಲೇ ಎಲ್ಲರೂ ಒಂದೇ ಅಲ್ಲ. ಕೊಡಗಿನ ಹೋಂಸ್ಟೇಗಳು ಸ್ಥಳೀಯರ ಕೈಯಲ್ಲೇ ದುಡ್ಡು ಉಳಿಸಿದ್ದಕ್ಕೆ ಒಳ್ಳೆಯ ಉದಾಹರಣೆ. ಆದರೂ ಆ ಲಾಭ ತೋಟದ ಮಾಲೀಕರ ಮನೆಗೆ ಬಂದಷ್ಟು ಲೈನ್‌ಮನೆಯ ಕಾರ್ಮಿಕರಿಗೆ ಬಂದಿಲ್ಲ. ಪಂಚಾಯಿತಿಗೆ ಪಾಲು ಬಂದಮೇಲೆ ಪಾರ್ಕಿಂಗ್ ಗುತ್ತಿಗೆ ಯಾರೋ ಸದಸ್ಯರ ಅಳಿಯನಿಗೆ ಹೋದರೆ ಹರಿಗೋಲಿನವರಿಗೆ ಆದ ಲಾಭವೇನು? ಅದಕ್ಕೇ ಖರ್ಚಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಹೇಳಬೇಕು. ಜಾಗವಿಲ್ಲದವರು, ಹೆಂಗಸರು, ದಲಿತ ಕೇರಿಯವರು ನಿರ್ವಹಣಾ ಸಮಿತಿಯಲ್ಲಿ ಹೆಸರಿಗಷ್ಟೇ ಇರದೆ ಸಹಿ ಹಾಕುವ ಅಧಿಕಾರ ಹೊಂದಿರಬೇಕು.

ಇದೆಲ್ಲ ನಾಳೆಗೆ ಮುಂದೂಡುವ ಮಾತಲ್ಲ. ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟದ ಅಭಿವೃದ್ಧಿಗೆ 2022-23ರ ರಾಜ್ಯ ಬಜೆಟ್ಟಿನಲ್ಲಿ 100 ಕೋಟಿ ರೂಪಾಯಿ ಘೋಷಣೆಯಾಯಿತು. ಬೆಟ್ಟದ ಬುಡದ ಜಮೀನು ಸ್ವಾಧೀನಪಡಿಸಿಕೊಳ್ಳುವ ಮಾತು ಬಂದಾಗ ರೈತರು ತಕರಾರು ಎತ್ತಿದರು. ಸ್ವಾಧೀನದ ನೋಟಿಸು ಕೈಗೆ ಬರುವ ಮೊದಲೇ ಮಾತಾಡುವ ಜಾಗ ಗ್ರಾಮಸಭೆ. ಎರಡೂ ದಂಡೆಯ ಪ್ರತಿ ಪಂಚಾಯಿತಿಯಲ್ಲಿ ಮುಂದಿನ ಗ್ರಾಮಸಭೆಯ ಅಜೆಂಡಾಕ್ಕೆ 'ಊರಿನ ವ್ಯಾಪ್ತಿಯ ಪ್ರವಾಸಿ ಯೋಜನೆಗಳು' ಎಂಬ ವಿಷಯ ಸೇರಿಸಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಲಿಖಿತ ಮನವಿ ಕೊಡಬೇಕು. ಯೋಜನಾ ವರದಿ ಕನ್ನಡದಲ್ಲಿ ಸಿಗುವವರೆಗೆ ಒಪ್ಪಿಗೆಯ ಠರಾವು ಮಾಡಬಾರದು. ಮಾಡಿದ ಠರಾವನ್ನು ನಡಾವಳಿ ಪುಸ್ತಕದಲ್ಲಿ ಬರೆಯಲಾಗಿದೆಯೇ ಎಂದು ಸಭೆ ಮುಗಿಯುವ ಮೊದಲೇ ನೋಡಿಕೊಳ್ಳಬೇಕು. ವರದಿ ಕೊಡಲು ಕಚೇರಿ ಸತಾಯಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ, ಬಡತನ ರೇಖೆಗಿಂತ ಕೆಳಗಿರುವವರಿಗೆ ಆ ಶುಲ್ಕವೂ ಇಲ್ಲ.