ಹಂದಿಯ ಬೆದೆಯೂ ಬಳ್ಳಾರಿಯ ಬೇಸಗೆಯೂ

ಬೇಸಗೆಯಲ್ಲಿ ಗರ್ಭ ನಿಲ್ಲದ ಹೆಣ್ಣುಹಂದಿಯನ್ನು ಗೊಡ್ಡೆಂದು ಮಾರುವುದು ಅವಸರದ ಕೆಲಸವೆಂದು ನಮ್ಮ ಅಭಿಪ್ರಾಯ. ಹಲವು ವೇಳೆ ದೋಷವು ಗಂಡಿನದು, ಗಂಡಿಗಿಂತಲೂ ಬಿಸಿಲಿನದು.

ಹಂದಿಗೆ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿಯು ಬಹಳ ಕಡಿಮೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಳ್ಳಾರಿಯ ಕಲ್ಲುಗುಡ್ಡಗಳ ಮಗ್ಗುಲಲ್ಲಿ ಉಷ್ಣವು 40 ಡಿಗ್ರಿಯನ್ನು ಮೀರುವಾಗ, ತಗಡಿನ ಮಾಡಿನ ಕೆಳಗೆ ಕೂಡಿದ ಗಂಡುಹಂದಿಯ ವೀರ್ಯವು ಕೆಡುವುದು. ಹೊಸ ವೀರ್ಯವು ಪಕ್ವವಾಗಲು ಸುಮಾರು 6 ವಾರ ಬೇಕು. ಆದುದರಿಂದ ಮೊದಲ ಮಳೆ ಬಿದ್ದೊಡನೆ ದೋಷವು ಕಳೆಯಿತೆಂದು ಗೌಡರೂ ಜಮೀನುದಾರರೂ ತಿಳಿಯಬಾರದು.

ಹೆಣ್ಣು 21 ದಿವಸಗಳಿಗೊಮ್ಮೆ ಬೆದೆಗೆ ಬರುವುದು. ಬೆದೆಯು ಎರಡು ಮೂರು ದಿವಸ ನಿಲ್ಲುವುದು. ನಡುಹಗಲಿನಲ್ಲಿ ಅದು ಏದುಸಿರು ಬಿಡುತ್ತ ಮಲಗಿರುವುದರಿಂದ ಲಕ್ಷಣವು ಗೋಚರಿಸದು. ಬೆಳಗ್ಗೆಯೂ ಸಂಜೆಯೂ ಬೆನ್ನನ್ನೊತ್ತಿ ನೋಡಬೇಕು. ಕದಲದೆ ನಿಂತರೆ ಬೆದೆಯೆಂದೇ ತಿಳಿಯತಕ್ಕದ್ದು. ಆ ದಿನ ತಂಪು ಹೊತ್ತಿನಲ್ಲೊಮ್ಮೆ, ಮರುದಿನ ಅದೇ ಹೊತ್ತಿನಲ್ಲೊಮ್ಮೆ ಗಂಡನ್ನು ಬಿಡುವುದು ಲೇಸು.

ಗರ್ಭಾವಧಿಯು 114 ದಿವಸ. ಜುಲೈ ಕಡೆಯಲ್ಲಿ ಕೂಡಿಸಿದುದು ನವೆಂಬರ್ ತಿಂಗಳ ತಂಪಿನಲ್ಲಿ ಈಯುವುದು. ಜನವರಿಯಲ್ಲಿ ಕೂಡಿಸಿದರೆ ಮರಿಗಳು ಕಡುಬೇಸಗೆಗೆ ಸಿಕ್ಕುವುವು. ಆಗ ತಾಯಿಯು ಸರಿಯಾಗಿ ತಿನ್ನದು, ಹಾಲೂ ಸಾಲದು.

ಸಿರುಗುಪ್ಪದ ಕಡೆಯವರಿಗೆ ಕಾಲುವೆಯ ನೀರುಂಟು, ಬತ್ತದ ಹುಲ್ಲುಂಟು, ಗಿರಣಿಯ ತೌಡುಂಟು. ಕುರುಗೋಡಿನ ಬಂಡೆಗಳ ನಡುವೆ ನೆರಳೇ ದುರ್ಲಭ. ಅಲ್ಲಿ ಹುಲ್ಲು ಹೊದಿಸಿದ ಮಾಡೂ ಹೊರಳಾಡಲು ಕೆಸರುಗುಂಡಿಯೂ ಅವಶ್ಯ. ಹೊರಳಾಟವನ್ನು ಕೊಳಕೆಂದು ಹಳಿಯುವವರುಂಟು. ಹಂದಿಗಾದರೋ ಬೆವರಿನ ಕೆಲಸವನ್ನು ಅದೇ ಮಾಡುವುದು. ಮಾರ್ಚ್ ಮುಗಿಯುವುದರೊಳಗೆ ಈ ಏರ್ಪಾಡು ಗಂಡುಹಂದಿಗೇ ಮೊದಲು ಆಗತಕ್ಕದ್ದು.